ನೋವಾದರೆ ಮಾತ್ರ ಮಸಾಜ್ ಕೆಲಸ ಮಾಡುತ್ತದೆಯೇ?

ಪ್ರಶ್ನೆ: ನನಗೆ 48 ವರ್ಷ. ಸೊಂಟ ಮತ್ತು ಭುಜ ಹಿಡಿದುಕೊಂಡಿರುವುದರಿಂದ ಮೊದಲ ಬಾರಿಗೆ ತರಬೇತಿ ಪಡೆದವರ ಬಳಿ ಮಸಾಜ್ ಮಾಡಿಸಿಕೊಳ್ಳಬೇಕೆಂದಿದ್ದೇನೆ. ಕಣ್ಣಲ್ಲಿ ನೀರು ಬರುವಷ್ಟು ಒತ್ತಿದರೆ ಮಾತ್ರ ಗಂಟು ಒಡೆಯುತ್ತದೆ, ಮರುದಿನ ಮೈಯೆಲ್ಲ ನೊಂದರೆ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ ಎಂದು ಎಲ್ಲರೂ ಹೇಳುತ್ತಾರೆ. ಇದು ನಿಜವೇ? ಹೋಗುವ ಮೊದಲು ಏನೇನು ತಿಳಿದಿರಬೇಕು?
– ಮಂಡ್ಯದ ಓದುಗರೊಬ್ಬರು

ಉತ್ತರ: ನಿಜವಲ್ಲ. ಈ ಉತ್ತರವನ್ನು ನಾನು ಎಷ್ಟು ಸಲ ಕೊಟ್ಟಿದ್ದರೂ ನಂಬಿಕೆ ಮಾತ್ರ ಕದಲುವುದಿಲ್ಲ. ಮೈಸೂರಿನ ನಮ್ಮ ಚಿಕಿತ್ಸಾ ಕೊಠಡಿಗೆ ಬರುವವರಲ್ಲಿ ಬಹುಪಾಲು ಮಂದಿ, ಬೋರಲು ಮಲಗಿದ ಕೂಡಲೇ ಹೇಳುವ ಮೊದಲ ಮಾತೇ ‘ಜೋರಾಗಿ ಒತ್ತಿ ಸಾರ್, ನಾನು ತಡ್ಕೋತೀನಿ’ ಎಂಬುದಾಗಿರುತ್ತದೆ. ತಡೆದುಕೊಳ್ಳಬೇಕಾದಂಥದ್ದೇನೂ ಅಲ್ಲಿ ನಡೆಯಬಾರದು. ನೀವು ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದೀರಿ ಎಂದರೆ, ಯಾವ ಸ್ನಾಯುವನ್ನು ಸಡಿಲಗೊಳಿಸಲು ನಾನು ಯತ್ನಿಸುತ್ತಿದ್ದೇನೆಯೋ ಅದನ್ನೇ ನೀವು ಬಿಗಿಗೊಳಿಸುತ್ತಿದ್ದೀರಿ ಎಂದೇ ಅರ್ಥ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ನಾಯು, ಚರ್ಮ ಮತ್ತು ಕೀಲುಗಳ ಸುತ್ತ ನೋವನ್ನು ಗ್ರಹಿಸುವ ನರತುದಿಗಳಿವೆ. ಒತ್ತಡ ಒಂದು ಮಿತಿಯನ್ನು ಮೀರಿದೊಡನೆ ಅವು ಬೆನ್ನುಹುರಿಗೆ ಅಪಾಯದ ಸುದ್ದಿ ಮುಟ್ಟಿಸುತ್ತವೆ. ಆ ಭಾಗವನ್ನು ಕಾಪಾಡಿಕೊಳ್ಳಲು ಸುತ್ತಲಿನ ಸ್ನಾಯುಗಳು ನಿಮ್ಮ ಅಪ್ಪಣೆಗೆ ಕಾಯದೆ ಬಿಗಿಯುತ್ತವೆ, ಉಸಿರು ಕಟ್ಟುತ್ತದೆ, ಹೃದಯದ ಬಡಿತ ಏರುತ್ತದೆ. ಮದ್ದೂರಿನ ಕಡೆಯ ಆಲೆಮನೆಯೊಂದರಲ್ಲಿ ದುಡಿಯುವವರೊಬ್ಬರು ನಮ್ಮಲ್ಲಿಗೆ ಬರುತ್ತಾರೆ. ಕೊಪ್ಪರಿಗೆಯ ಮುಂದೆ ನಿಂತು ಪಾಕ ತಿರುವಿ ತಿರುವಿ ಅವರ ಬಲ ಹೆಗಲ ಮೂಳೆಯ ಪಕ್ಕದ ಸ್ನಾಯು ಸದಾ ಬಿಗಿದಿರುತ್ತದೆ. ಮೊದಲ ಸಲ ಅವರ ಒತ್ತಾಯದಂತೆ ಹೆಬ್ಬೆರಳಿನ ಒತ್ತಡವನ್ನು ಹೆಚ್ಚಿಸುತ್ತ ಹೋದಾಗ, ‘ಏನೂ ಆಗ್ತಿಲ್ಲ, ಇನ್ನೂ ಒತ್ತಿ’ ಎಂದು ಬಾಯಿ ಹೇಳುತ್ತಿತ್ತು. ಕಾಲ್ಬೆರಳುಗಳು ಮಾತ್ರ ಒಳಕ್ಕೆ ಮಡಚಿಕೊಂಡಿದ್ದವು, ಮಂಚದ ಹೊದಿಕೆಯ ಅಂಚು ಮುಷ್ಟಿಯೊಳಗೆ ಸೇರಿತ್ತು, ಪಕ್ಕೆಲುಬು ಏರಿಳಿಯುವುದು ನಿಂತೇ ಹೋಗಿತ್ತು. ಒತ್ತಡವನ್ನು ಅರ್ಧಕ್ಕಿಳಿಸಿ, ನಿಧಾನವಾಗಿ ಉಸಿರು ಹೊರಗೆ ಬಿಡಲು ಹೇಳಿ, ಅದೇ ಜಾಗದಲ್ಲಿ ಕೈಯಿಟ್ಟು ಕಾದೆ. ಕೆಲವು ಉಸಿರಾಟಗಳ ನಂತರ ಬೆರಳಡಿಯ ಬಿಗಿ ತಾನಾಗಿ ಇಳಿಯಿತು. ಎದ್ದು ಕುಳಿತು ಕತ್ತನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದ ಅವರು, ‘ನೀವು ಒತ್ತಲೇ ಇಲ್ವಲ್ಲ ಸಾರ್, ಹೆಂಗೆ ಬಿಡ್ತು?’ ಎಂದು ಕೇಳಿದರು. ನನ್ನ ವೃತ್ತಿಯಲ್ಲಿ ಇದಕ್ಕಿಂತ ಸಂತೋಷ ಕೊಡುವ ಪ್ರಶ್ನೆ ಬೇರೆ ಇಲ್ಲ.

ಇನ್ನು ‘ಗಂಟು ಒಡೆಯುವ’ ವಿಚಾರ. ಬೆರಳಿಗೆ ಗಟ್ಟಿಯಾಗಿ ಸಿಗುವ, ಮುಟ್ಟಿದರೆ ನೋಯುವ ಜಾಗಗಳಿರುವುದು ನಿಜ. ಆದರೆ ಅಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿದ ವಸ್ತುವೇನೂ ಕುಳಿತಿಲ್ಲ. ಆದ್ದರಿಂದ ಒಡೆಯುವುದಕ್ಕೂ ಏನೂ ಇಲ್ಲ. ಅದು ಬಿಗಿದುಕೊಂಡಿರುವ, ಸೂಕ್ಷ್ಮವಾಗಿರುವ ಜೀವಂತ ಸ್ನಾಯು. ಕೈಯ ಸ್ಪರ್ಶದಿಂದ ಮುಖ್ಯವಾಗಿ ಬದಲಾಗುವುದು ಆ ಭಾಗಕ್ಕೆ ಸಂಬಂಧಿಸಿದ ನರವ್ಯವಸ್ಥೆಯ ಎಚ್ಚರದ ಮಟ್ಟ. ಅದನ್ನು ಇಳಿಸಲು ಬೇಕಾದದ್ದು ಹಿತವಾದ ಒತ್ತಡ ಮತ್ತು ಸಮಯ. ಮೊಣಕೈಯಿಂದ ಅಮುಕಿದರೆ ಅದು ಏರುತ್ತದೆಯೇ ಹೊರತು ಇಳಿಯುವುದಿಲ್ಲ.

‘ಲ್ಯಾಕ್ಟಿಕ್ ಆಮ್ಲವನ್ನು ಹಿಂಡಿ ತೆಗೆಯಬೇಕು’ ಎಂಬುದು ಇದೇ ನಂಬಿಕೆಯ ಓದುಬರಹ ಕಲಿತ ರೂಪ. ಜಿಮ್‌ಗೆ ಹೋಗುವ ಯುವಕರು ಇದನ್ನು ಬಹಳ ವಿಶ್ವಾಸದಿಂದ ಹೇಳುತ್ತಾರೆ. ಕಠಿಣ ವ್ಯಾಯಾಮದಲ್ಲಿ ಉಂಟಾಗುವ ಲ್ಯಾಕ್ಟೇಟನ್ನು (ಲ್ಯಾಕ್ಟಿಕ್ ಆಮ್ಲ ದೇಹದಲ್ಲಿ ಇರುವುದು ಈ ರೂಪದಲ್ಲಿ) ದೇಹ ಸುಮಾರು ಒಂದು ಗಂಟೆಯೊಳಗೆ ತಾನೇ ಬಳಸಿಕೊಂಡು ಮುಗಿಸುತ್ತದೆ. ಹೀಗಿರುವಾಗ ನಿನ್ನೆಯ ವ್ಯಾಯಾಮದ ಲ್ಯಾಕ್ಟಿಕ್ ಆಮ್ಲವನ್ನು ಇಂದು ಸಂಜೆ ಹಿಂಡುವುದಾದರೂ ಎಲ್ಲಿಂದ? ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11 ಮಂದಿ ಯುವಕರನ್ನು ದಣಿಯುವವರೆಗೆ ಸೈಕಲ್ ತುಳಿಸಿ, ಒಂದು ಕಾಲಿಗೆ ಮಾತ್ರ 10 ನಿಮಿಷ ಮಸಾಜ್ ಮಾಡಿ, ಎರಡೂ ತೊಡೆಗಳ ಸ್ನಾಯುವಿನ ಚೂರು ತೆಗೆದು ಹೋಲಿಸಿ ನೋಡಿದರು. ಮಸಾಜ್ ಮಾಡಿದ ಕಾಲಿನಲ್ಲಿ ಉರಿಯೂತದ ಸಂಕೇತಗಳು ಕಡಿಮೆಯಾಗಿದ್ದವು. ಲ್ಯಾಕ್ಟೇಟ್ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಎಂದರೆ ಮಸಾಜಿನಿಂದ ಉಪಯೋಗ ಉಂಟು, ಜನ ಕೊಡುವ ಕಾರಣ ಮಾತ್ರ ತಪ್ಪು. ಮಸಾಜ್ ಆದ ಮೇಲೆ ಲೀಟರುಗಟ್ಟಲೆ ನೀರು ಕುಡಿದು ‘ವಿಷ ಹೊರಹಾಕಬೇಕು’ ಎನ್ನುವವರಿಗೂ ಇಷ್ಟೇ ಹೇಳಬೇಕು: ಆ ಕೆಲಸಕ್ಕೆ ಯಕೃತ್ತು ಮತ್ತು ಮೂತ್ರಪಿಂಡಗಳಿವೆ, ಬಾಯಾರಿಕೆಯಾದರೆ ನೀರು ಕುಡಿಯಿರಿ, ಸಾಕು.

ಹಾಗಾದರೆ ನೋಯುವಂತೆ ಒತ್ತಿಸಿಕೊಂಡವರು ‘ಹಗುರಾಯಿತು’ ಎನ್ನುವುದು ಸುಳ್ಳೇ ಎಂದು ನೀವು ಕೇಳಬಹುದು. ಸುಳ್ಳಲ್ಲ. ಒಂದು ಕಡೆ ತೀವ್ರ ನೋವಾದಾಗ ಮಿದುಳು ಉಳಿದ ಕಡೆಯ ನೋವನ್ನು ಸ್ವಲ್ಪ ಹೊತ್ತು ಅದುಮಿಡುತ್ತದೆ, ದೇಹ ತನ್ನದೇ ನೋವುಶಾಮಕಗಳನ್ನು ಬಿಡುಗಡೆ ಮಾಡುತ್ತದೆ. ಒತ್ತುವುದು ನಿಂತಾಗ ಸಿಗುವ ನೆಮ್ಮದಿಯೂ ದೊಡ್ಡದಾಗಿಯೇ ತೋರುತ್ತದೆ. ಅಲ್ಲದೆ ಸಾಮಾನ್ಯ ಸೊಂಟನೋವುಗಳಲ್ಲಿ ಹೆಚ್ಚಿನವು ಕೆಲವು ದಿನ ಅಥವಾ ವಾರಗಳಲ್ಲಿ ತಾವಾಗಿಯೇ ಕಡಿಮೆಯಾಗುತ್ತವೆ. ಮೂರನೆಯ ವಾರ ಜೋರಾಗಿ ಒತ್ತಿದವರಿಗೆ ಆ ಕೀರ್ತಿ ಸಲ್ಲುತ್ತದೆ.

ಮರುದಿನ ಚರ್ಮ ಕಂದುಗಟ್ಟಿದರೆ ‘ಕೆಟ್ಟ ರಕ್ತ ಮೇಲೆ ಬಂತು’ ಎಂದು ಸಮಾಧಾನ ಹೇಳುವವರಿದ್ದಾರೆ. ಅದು ಚರ್ಮದಡಿಯ ಸಣ್ಣ ರಕ್ತನಾಳಗಳು ಹರಿದು ಸೋರಿದ ಒಳ್ಳೆಯ ರಕ್ತವೇ. ಅಪರೂಪವಾಗಿ ಇದಕ್ಕಿಂತ ಗಂಭೀರವಾದದ್ದೂ ಆಗುತ್ತದೆ: ವಿಪರೀತ ಒತ್ತಡದಿಂದ ಸ್ನಾಯುಕೋಶಗಳು ಒಡೆದು, ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ, ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಮಸಾಜಿನ ನಂತರ ಒಂದು ದಿನ ಸಣ್ಣಗೆ ಮೈ ನೋಯಬಹುದು. ಎರಡು ದಿನ ಕಳೆದರೂ ನೋವು ಇಳಿಯದಿದ್ದರೆ ಒತ್ತಡ ಹೆಚ್ಚಾಗಿತ್ತು ಎಂದು ತಿಳಿಯಿರಿ. ಮೂತ್ರದ ಬಣ್ಣ ಬದಲಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

‘ನಮ್ಮ ಹಿಂದಿನವರು ಹಾಗೇ ಮಾಡುತ್ತಿದ್ದರಲ್ಲ’ ಎಂಬ ವಾದ ಮೈಸೂರಿನಲ್ಲಿ ಗರಡಿಯ ಹೆಸರಿನಲ್ಲಿ ಬರುತ್ತದೆ. ಪ್ರತಿದಿನ ಮಟ್ಟಿಯಲ್ಲಿ ಸಾಮು ಮಾಡಿ ಪಳಗಿದ ಇಪ್ಪತ್ತರ ಪೈಲ್ವಾನನ ಮೈಯನ್ನು ಉಸ್ತಾದರು ಉಜ್ಜುವ ರೀತಿಯನ್ನು, ಇಡೀ ದಿನ ಕಂಪ್ಯೂಟರಿನ ಮುಂದೆ ಕುಳಿತು ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಐವತ್ತರ ಮೈಗೆ ಅನ್ವಯಿಸಲಾಗದು. ಇನ್ನು ಆಯುರ್ವೇದ. 1908ರಿಂದ ಸರ್ಕಾರಿ ಆಯುರ್ವೇದ ಕಾಲೇಜು ಇರುವ ಊರು ನಮ್ಮದು. ಇಲ್ಲಿನವರಿಗಾದರೂ ಇದು ತಿಳಿದಿರಬೇಕಿತ್ತು. ವಾಗ್ಭಟನ ಅಷ್ಟಾಂಗಹೃದಯವು ನಿತ್ಯ ಅಭ್ಯಂಗವನ್ನು ಹೇಳಿ, ತಲೆ, ಕಿವಿ ಮತ್ತು ಪಾದಗಳಿಗೆ ವಿಶೇಷವಾಗಿ ಮಾಡಬೇಕೆನ್ನುತ್ತದೆ. ಮರುಕ್ಷಣವೇ, ಕಫದಿಂದ ಬಳಲುವವರು, ಆಗತಾನೇ ವಾಂತಿ, ಭೇದಿ ಮಾಡಿಸಿ ದೇಹ ಶುದ್ಧಿಗೊಳಿಸುವ ಶೋಧನ ಚಿಕಿತ್ಸೆ ಪಡೆದವರು ಮತ್ತು ಅಜೀರ್ಣವಾದವರು ಮಾಡಿಸಿಕೊಳ್ಳಬಾರದೆಂದೂ ಹೇಳುತ್ತದೆ. ಯಾರಿಗೆ ಬೇಡ ಎಂಬ ವಿವೇಚನೆ ಪರಂಪರೆಯಲ್ಲಿಯೇ ಇದೆ.

ಆ ವಿವೇಚನೆ ನನಗೆ ಸಾಧ್ಯವಾಗಬೇಕಾದರೆ ನೀವು ಮೊದಲೇ ಬಾಯಿ ಬಿಟ್ಟು ಹೇಳಬೇಕು. ಹೋಗುವ ಮೊದಲು ತಿಳಿದಿರಬೇಕಾದ ಅತಿ ಮುಖ್ಯ ಸಂಗತಿ ಇದೇ. ರಕ್ತ ತೆಳುವಾಗಿಸುವ ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್‌ನಂಥ ಮಾತ್ರೆಗಳಿದ್ದರೆ ಹೇಳಿ. ಹೆಸರು ನೆನಪಿರದಿದ್ದರೆ ಮಾತ್ರೆಯ ಪಟ್ಟಿಯನ್ನೇ ತನ್ನಿ. ಸಕ್ಕರೆ ಕಾಯಿಲೆಯಿಂದ ಪಾದಗಳು ಜೋಮು ಹಿಡಿದಿದ್ದರೆ ಹೇಳಿ, ಏಕೆಂದರೆ ಅಲ್ಲಿ ಒತ್ತಡ ಹೆಚ್ಚಾದರೂ ನಿಮಗೆ ಗೊತ್ತಾಗುವುದಿಲ್ಲ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಮಂಚದಿಂದ ಥಟ್ಟನೆ ಎದ್ದರೆ ತಲೆಸುತ್ತು ಬರಬಹುದು. ಗರ್ಭಿಣಿಯಾಗಿದ್ದರೆ, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ, ಮೂಳೆ ಸವೆತ ಅಥವಾ ಕ್ಯಾನ್ಸರ್ ಚಿಕಿತ್ಸೆಯ ಹಿನ್ನೆಲೆಯಿದ್ದರೆ, ಮೊದಲು ನಿಮ್ಮ ವೈದ್ಯರನ್ನು ಕೇಳಿ ಬನ್ನಿ. ಎಳ್ಳೆಣ್ಣೆ ಅಥವಾ ಬಾದಾಮಿ ಎಣ್ಣೆ ಮೈಗೆ ಆಗದಿದ್ದರೆ ಅದನ್ನೂ ತಿಳಿಸಿ. ಜ್ವರ, ಕಜ್ಜಿ, ಹುಣ್ಣು ಇದ್ದರೆ ಫೋನ್ ಮಾಡಿ ದಿನ ಮುಂದೂಡಿ, ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಆತಂಕ ತರುವುದು ಒಂದೇ ಕಾಲು ಊದಿಕೊಂಡು ಬರುವವರು. ಕಾಲಿನ ಪ್ಲಾಸ್ಟರ್ ತೆಗೆಸಿದ ಮೇಲೋ, ಆಪರೇಷನ್ ಆಗಿ ಹಾಸಿಗೆ ಹಿಡಿದು ಎದ್ದ ಮೇಲೋ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿ, ಮುಟ್ಟಿದರೆ ನೋಯುತ್ತಿದ್ದರೆ, ಅಲ್ಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇರುತ್ತದೆ. ಅದನ್ನು ಉಜ್ಜಿದರೆ ಹೆಪ್ಪು ಕಳಚಿ ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಂಡು ಪ್ರಾಣಕ್ಕೇ ಎರವಾಗಬಹುದು. ‘ಸ್ವಲ್ಪ ನೀವಿಬಿಡಿ, ಊತ ಇಳಿಯುತ್ತೆ’ ಎಂದು ಮನೆಯವರು ಎಷ್ಟು ಬೇಡಿಕೊಂಡರೂ ನಾನು ಮುಟ್ಟುವುದಿಲ್ಲ. ರಕ್ತನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಲು ಕಳುಹಿಸುತ್ತೇನೆ.

ಉಳಿದವು ಸಣ್ಣ ಸಂಗತಿಗಳು. ಮುದ್ದೆ ಊಟ ಮಾಡಿ ನೇರವಾಗಿ ಬಂದು ಬೋರಲು ಮಲಗಬೇಡಿ. ಊಟಕ್ಕೂ ಮಸಾಜಿಗೂ ಒಂದೂವರೆ ಎರಡು ಗಂಟೆ ಅಂತರವಿರಲಿ. ಬಟ್ಟೆಯ ವಿಚಾರದಲ್ಲಿ ಸಂಕೋಚ ಸಹಜ: ಕೆಲಸ ನಡೆಯುವ ಭಾಗವನ್ನು ಬಿಟ್ಟು ಉಳಿದ ಮೈಯೆಲ್ಲ ಹೊದಿಕೆಯಡಿ ಇರಬೇಕು, ನೀವು ಬಟ್ಟೆ ಬದಲಿಸುವಾಗ ಚಿಕಿತ್ಸಕರು ಹೊರಗಿರಬೇಕು. ಹೆಂಗಸರು ಹೆಣ್ಣು ಚಿಕಿತ್ಸಕಿಯೇ ಬೇಕೆಂದು ಕೇಳಬಹುದು, ಮನೆಯವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಬಹುದು. ಎಲ್ಲಿ ತರಬೇತಿ ಪಡೆದಿದ್ದೀರಿ ಎಂದು ಕೇಳಿದರೆ ಒಳ್ಳೆಯ ಚಿಕಿತ್ಸಕರು ಸಂತೋಷದಿಂದ ಹೇಳುತ್ತಾರೆ. ಒತ್ತಡಕ್ಕೆ ನಾವು ಸೊನ್ನೆಯಿಂದ ಹತ್ತರವರೆಗಿನ ಅಂಕ ಬಳಸುತ್ತೇವೆ. ಐದನ್ನು ದಾಟಿದೊಡನೆ ‘ಕಡಿಮೆ ಮಾಡಿ’ ಎನ್ನಿ. ನಿರಾಳವಾಗಿ ಉಸಿರಾಡುತ್ತ ಮಾತನಾಡಲು ಸಾಧ್ಯವಾಗುವಷ್ಟು ಒತ್ತಡವೇ ಸರಿಯಾದ ಒತ್ತಡ.

ನೀವು ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಭುಜ ಹಿಡಿದುಕೊಂಡವರು ನಮ್ಮ ಬಳಿಗೆ ಬರುವ ಮೊದಲು ಸಾಮಾನ್ಯವಾಗಿ ಸಲೂನಿನಲ್ಲಿ ಕತ್ತಿನ ನೆಟಿಗೆ ಮುರಿಸಿಕೊಂಡೇ ಬಂದಿರುತ್ತಾರೆ. ಕಟಿಂಗ್ ಮುಗಿದ ಮೇಲೆ ತಲೆಗೆ ಎಣ್ಣೆ ಹಾಕಿ ತಟ್ಟುವುದರಲ್ಲಿ ತೊಂದರೆಯಿಲ್ಲ, ಅದು ಹಿತವಾದದ್ದೇ. ಕೊನೆಯಲ್ಲಿ ಗದ್ದ ಹಿಡಿದು ಕತ್ತನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಲಟಕ್ಕೆಂದು ತಿರುಗಿಸುತ್ತಾರಲ್ಲ, ಅದನ್ನು ಬೇಡವೆನ್ನಿ. ಆ ಸದ್ದು ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಯಿಂದ ಬರುವಂಥದ್ದು. ಯಾವ ಮೂಳೆಯೂ ಸರಿಯಾದ ಜಾಗಕ್ಕೆ ಬಂದು ಕೂರುವುದಿಲ್ಲ. ಕತ್ತಿನ ಮೂಳೆಗಳ ಎರಡೂ ಪಕ್ಕದ ರಂಧ್ರಗಳ ಮೂಲಕ ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಸಾಗುತ್ತವೆ. ಕತ್ತನ್ನು ರಭಸದಿಂದ ತಿರುಚಿದಾಗ ಅವುಗಳ ಒಳಪದರ ಹರಿಯಬಹುದು. ಅಲ್ಲಿ ಕಟ್ಟಿದ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ತಿರುಚುವುದೂ ಬೇಕಿಲ್ಲ: ತಲೆ ತೊಳೆಸಿಕೊಳ್ಳಲು ಬೇಸಿನ್ನಿನ ಮೇಲೆ ಕತ್ತನ್ನು ಹಿಂದಕ್ಕೆ ಬಾಗಿಸಿ ಮಲಗಿದ್ದರಿಂದ ಪಾರ್ಶ್ವವಾಯುವಿಗೆ ತುತ್ತಾದ ಐದು ಪ್ರಕರಣಗಳನ್ನು ಅಮೆರಿಕದ ನರರೋಗ ತಜ್ಞ ಮೈಕೆಲ್ ವೈನ್‌ಟ್ರಾಬ್ 1993ರಲ್ಲಿಯೇ ವರದಿ ಮಾಡಿದ್ದರು. ಇದು ಅಪರೂಪವಾದರೂ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಲು ಅಲ್ಲಿ ಸಿಗುವ ಲಾಭವಾದರೂ ಏನು?

ಈಗಾಗಲೇ ನೆಟಿಗೆ ಮುರಿಸಿಕೊಂಡಿದ್ದು, ಆ ದಿನವೋ ಮುಂದಿನ ಕೆಲವು ದಿನಗಳಲ್ಲೋ ಹಿಂದೆಂದೂ ಇಲ್ಲದಂಥ ಕತ್ತುನೋವು ಅಥವಾ ಹಿಂದಲೆ ನೋವು ಕಾಣಿಸಿಕೊಂಡರೆ, ಜೊತೆಗೆ ತಲೆ ತಿರುಗುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು, ನಡೆಯುವಾಗ ಒಂದು ಕಡೆಗೆ ವಾಲುವುದು ಇವುಗಳಲ್ಲಿ ಯಾವುದಾದರೂ ಇದ್ದರೆ, ಎಣ್ಣೆ ಹಚ್ಚುತ್ತ ಕೂರಬೇಡಿ, ನನ್ನಂಥವರ ಬಳಿಗೂ ಬರಬೇಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗಿ, ಕತ್ತು ತಿರುಚಿಸಿಕೊಂಡ ವಿಷಯವನ್ನು ಅಲ್ಲಿನ ವೈದ್ಯರಿಗೆ ಮೊದಲು ಹೇಳಿ.