ನೋತ್ರ್ ದಾಮ್‌ಗೆ ಟಿಕೆಟ್ ಏಕಿಲ್ಲ?

2024ರ ಅಕ್ಟೋಬರಿನಲ್ಲಿ, ಬೆಂಕಿಯಲ್ಲಿ ಬೆಂದ ಪ್ಯಾರಿಸಿನ ಕೆಥೆಡ್ರಲ್ (ಬಿಷಪ್ಪರ ಮುಖ್ಯ ಚರ್ಚು) ನೋತ್ರ್ ದಾಮ್ ಮತ್ತೆ ತೆರೆಯಲು ಒಂದೂವರೆ ತಿಂಗಳಷ್ಟೇ ಉಳಿದಿದ್ದಾಗ, ಅದನ್ನು ನೋಡಲು ಬರುವ ಪ್ರವಾಸಿಗರಿಂದ ತಲಾ 5 ಯೂರೋ ಪಡೆದು ಆ ಹಣದಲ್ಲಿ ದೇಶದ ಇತರ ಹಳೆಯ ಚರ್ಚುಗಳನ್ನು ದುರಸ್ತಿ ಮಾಡಬಹುದೆಂಬ ಸಲಹೆ ಫ್ರಾನ್ಸಿನ ಸಂಸ್ಕೃತಿ ಖಾತೆಯಿಂದ ಬಂತು. ಪ್ಯಾರಿಸಿನ ಧರ್ಮಪ್ರಾಂತ್ಯ, ಅಂದರೆ ಅಲ್ಲಿನ ಕ್ಯಾಥೊಲಿಕ್ ಚರ್ಚಿನ ಆಡಳಿತ, ಒಪ್ಪಲಿಲ್ಲ. ಡಿಸೆಂಬರಿನಲ್ಲಿ ಕೆಥೆಡ್ರಲ್ ಟಿಕೆಟ್ ಇಲ್ಲದೆಯೇ ತೆರೆಯಿತು. ಆದರೆ ಕಟ್ಟಡ ಯಾರದು, ಖರ್ಚು ಯಾರದು, ಬಾಗಿಲು ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗಳು ಆ ಚರ್ಚೆಯಲ್ಲಿ ಒಂದಕ್ಕೊಂದು ತೊಡಕಿಕೊಂಡವು.

1789ರಲ್ಲಿ ಫ್ರೆಂಚ್ ಕ್ರಾಂತಿಯು ಚರ್ಚಿನ ಆಸ್ತಿಯನ್ನು ರಾಷ್ಟ್ರದ ವಶಕ್ಕೆ ತಂದಿತು. ನೆಪೋಲಿಯನ್ ಪೋಪರೊಂದಿಗೆ ಮಾಡಿಕೊಂಡ 1801ರ ಒಪ್ಪಂದದಿಂದ ಪಾದ್ರಿಗಳಿಗೆ ಸರ್ಕಾರವೇ ಸಂಬಳ ಕೊಡತೊಡಗಿ, ಒಂದು ಶತಮಾನ ಹಾಗೆಯೇ ಕಳೆಯಿತು. ಇಂದಿನ ಗಂಟು ಬಿದ್ದದ್ದು 1905ರ ಡಿಸೆಂಬರ್ 9ರಂದು. ಧರ್ಮವನ್ನೂ ಪ್ರಭುತ್ವವನ್ನೂ ಬೇರ್ಪಡಿಸಿದ ಅಂದಿನ ಕಾಯಿದೆ, ಚರ್ಚುಗಳನ್ನು ಭಕ್ತರ ಸಂಘಗಳಿಗೆ ವಹಿಸಲು ಹೊರಟಿತು. ಒಳಗಿನ ವಸ್ತುಗಳ ಪಟ್ಟಿ ಮಾಡಲು 1906ರ ಫೆಬ್ರುವರಿಯಲ್ಲಿ ಅಧಿಕಾರಿಗಳು ಬಂದಾಗ ಪ್ಯಾರಿಸಿನ ಸ್ಯಾಂತ್ ಕ್ಲೋತಿಲ್ಡ್ ಚರ್ಚಿನಲ್ಲಿ ಭಕ್ತರು ಅಡ್ಡಗಟ್ಟಿ ನಿಂತರು, ಹೊಡೆದಾಟವೇ ನಡೆಯಿತು. ಪೋಪ್ ಹತ್ತನೆಯ ಪಿಯಸ್ ಆ ಸಂಘಗಳನ್ನು ತಿರಸ್ಕರಿಸಿದ್ದರಿಂದ ಕೆಥೆಡ್ರಲ್‌ಗಳು ಸರ್ಕಾರದ ಬಳಿಯೂ ಊರಿನ ಹಳೆಯ ಚರ್ಚುಗಳು ಸ್ಥಳೀಯ ಆಡಳಿತದ ಬಳಿಯೂ ಉಳಿದವು. 1907ರ ಜನವರಿಯ ಮತ್ತೊಂದು ಕಾಯಿದೆ ಪಾದ್ರಿಗಳಿಗೂ ಭಕ್ತರಿಗೂ ಬಳಕೆಯನ್ನಷ್ಟೇ ಬಿಟ್ಟುಕೊಟ್ಟಿತು. ಹೀಗೆ ಗೋಡೆ ಒಬ್ಬರದಾಯಿತು, ಗಂಟೆ ಮತ್ತೊಬ್ಬರದಾಯಿತು. ಆ ಗದ್ದಲದ ನಡುವೆಯೂ ಉಳಿದು ಬಂದದ್ದು 1905ರ ಕಾಯಿದೆಯ 17ನೆಯ ವಿಧಿ: ಪೂಜೆ ನಡೆಯುವ ಈ ಕಟ್ಟಡಗಳ ದರ್ಶನ ಸಾರ್ವಜನಿಕ, ಅದಕ್ಕೆ ಯಾವ ಶುಲ್ಕವೂ ಸಲ್ಲದು. ಪ್ಯಾರಿಸಿನಲ್ಲೇ ಪೂಜೆ ನಿಂತುಹೋದ ಸ್ಯಾಂತ್ ಶಾಪೆಲ್ ಮತ್ತು ಪಾಂಥಿಯನ್‌ಗಳಿಗೆ ಟಿಕೆಟ್ ಇರುವುದು, ಪೂಜೆ ನಡೆಯುವ ಸ್ಯಾನ್ ಸುಲ್ಪೀಸ್ ಚರ್ಚಿಗೆ ಇಲ್ಲದಿರುವುದು ಇದರಿಂದಲೇ.

ಆ ಸ್ಯಾನ್ ಸುಲ್ಪೀಸಿನಲ್ಲಿ, ಬಾಗಿಲು ದಾಟಿ ಬಲಕ್ಕೆ ತಿರುಗಿದರೆ ಮೊದಲ ಚಾಪೆಲ್‌ನಲ್ಲೇ (ಪಕ್ಕದ ಪುಟ್ಟ ಪೂಜಾಕೋಣೆಯಲ್ಲೇ) ಫ್ರೆಂಚ್ ಚಿತ್ರಕಾರ ದೆಲಾಕ್ರ್ವಾ 1861ರಲ್ಲಿ ಮುಗಿಸಿದ ಭಿತ್ತಿಚಿತ್ರವಿದೆ. ಅದರಲ್ಲಿ ಬೈಬಲಿನ ಯಾಕೋಬ ತಲೆ ತಗ್ಗಿಸಿ ದೇವದೂತನ ಮೇಲೆ ಬೀಳುತ್ತಿದ್ದಾನೆ. ಅವನು ಕಳಚಿಟ್ಟ ಬಟ್ಟೆ, ಹ್ಯಾಟು, ಬಾಣಗಳು ಕೆಳಗಿನ ಮೂಲೆಯಲ್ಲಿ ರಾಶಿಬಿದ್ದಿವೆ. ಮಳೆಗೆ ಆಸರೆ ಬಯಸಿ ಒಳಬಂದವರೂ ಇದರ ಮುಂದೆ ನಿಲ್ಲಬಹುದು, ನಾಳೆ ಮತ್ತೆ ಬಂದು ಐದೇ ನಿಮಿಷ ನೋಡಿ ಹೋಗಬಹುದು. ಟಿಕೆಟ್ ಕೊಂಡು ನೋಡುವ ಚಿತ್ರದೊಂದಿಗೆ ಇಂಥ ಸಲಿಗೆ ಬೆಳೆಯುವುದು ಕಷ್ಟ.

ದುರಸ್ತಿಯ ಹೊರೆಯೇನೂ ಸಣ್ಣದಲ್ಲ. ನೋತ್ರ್ ದಾಮ್‌ಗೆ ಸುಮಾರು 3,40,000 ದಾನಿಗಳಿಂದ 84 ಕೋಟಿ ಯೂರೋಗೂ ಹೆಚ್ಚು ಹರಿದುಬಂತು. ಅಷ್ಟು ಹೆಸರಿಲ್ಲದ ಚರ್ಚುಗಳ ಸೋರುವ ಮಾಡುಗಳಿಗೆ ಅಂಥ ದಾನಿಗಳಿಲ್ಲ. ಆದರೆ ಪ್ರಾರ್ಥನೆಗೆ ಬಂದವರು ಯಾರು, ನೋಡಲು ಬಂದವರು ಯಾರು ಎಂದು ಬಾಗಿಲಲ್ಲಿ ನಿಂತು ಬೇರ್ಪಡಿಸುವುದು ಹೇಗೆ ಎಂಬುದಕ್ಕೆ, ಶುಲ್ಕದ ಸಲಹೆಯಲ್ಲಿ ಒಪ್ಪಬಹುದಾದ ಉತ್ತರವಿರಲಿಲ್ಲ.