ಒಮ್ಮೆ ದುಡ್ಡು ಕಟ್ಟಿದರೆ ‘ಶಾಶ್ವತ ಪೂಜೆ’ ಶಾಶ್ವತವಾಗಿ ನಡೆಯುತ್ತದಾ?

ಪ್ರಶ್ನೆ: ತೀರಿಕೊಂಡ ಅಪ್ಪಯ್ಯನ ಹೆಸರಲ್ಲಿ ತೀರ್ಥಹಳ್ಳಿ ಕಡೆಯ ನಮ್ಮೂರ ದೇವಸ್ಥಾನಕ್ಕೆ ಶಾಶ್ವತ ಪೂಜೆಗೆ ಅಂತ ಹತ್ತು ಸಾವಿರ ಕೊಡೋಣ ಅಂತಿದ್ದೇವೆ. ಮಕ್ಕಳೆಲ್ಲ ಬೆಂಗಳೂರಲ್ಲಿರೋದರಿಂದ ಪ್ರತಿ ವರ್ಷ ಊರಿಗೆ ಬರೋದು ಕಷ್ಟ. ಒಮ್ಮೆ ಕಟ್ಟಿಬಿಟ್ಟರೆ ಮುಗೀತಲ್ವಾ?

ಉತ್ತರ: ಮುಗಿಯಲಿಲ್ಲ.

ಮಹಾಲಯ ಪಕ್ಷ ಹತ್ತಿರ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಒಬ್ಬರಿಗೆ ಅಪ್ಪಯ್ಯ, ಇನ್ನೊಬ್ಬರಿಗೆ ಅಮ್ಮಮ್ಮ. ತೀರ್ಥಹಳ್ಳಿ ಇದ್ದಲ್ಲಿ ಸಾಗರ, ಹತ್ತು ಸಾವಿರ ಇದ್ದಲ್ಲಿ ಐದು. ‘ಮುಗೀತಲ್ವಾ’ ಒಂದು ಮಾತ್ರ ಬದಲಾಗುವುದಿಲ್ಲ. ‘ಇಲ್ಲ’ ಎಂದಷ್ಟೇ ಹೇಳಿ ನೋಡಿದ್ದಾಯಿತು, ಯಾರೂ ನಂಬುವುದಿಲ್ಲ. ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ.

ನಿಮ್ಮ ಹತ್ತು ಸಾವಿರವನ್ನು ಸಮಿತಿಯವರು ಒಂದು ಪೈಸೆ ಮುಟ್ಟದೆ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರು ಅಂದುಕೊಳ್ಳಿ. ಶೇ 6.5 ಬಡ್ಡಿ ಸಿಕ್ಕರೆ ವರ್ಷಕ್ಕೆ 650 ರೂಪಾಯಿ. ಪಂಚಾಮೃತದ ಸಾಮಾನು, ಹೂವು, ಕಾಯಿ, ನೈವೇದ್ಯ, ಭಟ್ಟರ ದಕ್ಷಿಣೆ ಎಲ್ಲ ಸೇರಿ ಇವತ್ತು 650ಕ್ಕೆ ಹೇಗೋ ಹೊಂದಿತು ಎನ್ನಿ. ಬೆಲೆ ವರ್ಷಕ್ಕೆ ಶೇ 5ರಂತೆ ಏರಿದರೆ ಸುಮಾರು 14 ವರ್ಷಕ್ಕೆ ಅದೇ ಪೂಜೆಗೆ 1,300 ಬೇಕು, 28 ವರ್ಷಕ್ಕೆ 2,600. ಬಡ್ಡಿ ಮಾತ್ರ ಅದೇ 650, ಅದೂ ದರ ಇಳಿಯದಿದ್ದರೆ. 1990ರ ದಶಕದ ಆರಂಭದಲ್ಲಿ ಬ್ಯಾಂಕುಗಳು ಶೇ 10ಕ್ಕೂ ಹೆಚ್ಚು ಕೊಡುತ್ತಿದ್ದವು. ಆಗ ಸಾವಿರದ ಒಂದು ರೂಪಾಯಿ ಕೊಟ್ಟವರ ಹಣಕ್ಕೆ ವರ್ಷಕ್ಕೆ ನೂರರ ಮೇಲೆ ಹುಟ್ಟುತ್ತಿತ್ತು, ಆ ಕಾಲಕ್ಕೆ ಅದರಲ್ಲಿ ಪೂಜೆ ನಡೆಯುತ್ತಿತ್ತು. ಈಗ ಅದೇ ಸಾವಿರಕ್ಕೆ 65. ಕಾಯಿ, ಕರ್ಪೂರ, ಊದುಬತ್ತಿಗೇ ಖರ್ಚು. ಹೂವಿನ ಮಾತೇ ಬೇಡ.

ಹೀಗಾದಾಗ ದೇವಸ್ಥಾನ ಏನು ಮಾಡುತ್ತದೆ? ಆ ದಿನಕ್ಕೆ ಬರೆಸಿದವರ ಹೆಸರನ್ನೆಲ್ಲ ಒಂದೇ ಸಂಕಲ್ಪದಲ್ಲಿ ಓದಿ, ನಿತ್ಯಪೂಜೆಯಲ್ಲೇ ಸೇರಿಸಿಬಿಡುತ್ತದೆ. ಊರಿಗೆ ಬಂದ ಮಗ ಇದನ್ನು ನೋಡಿ ‘ದುಡ್ಡು ನುಂಗಿದ್ದಾರೆ’ ಎಂದು ಕೂಗಾಡುತ್ತಾನೆ. ನುಂಗಿದ್ದು ಸಮಿತಿಯಲ್ಲ, ಬೆಲೆ ಏರಿಕೆ. ಸಮಿತಿಯ ತಪ್ಪು ಇಷ್ಟೇ: ಗೋಡೆಯ ಬೋರ್ಡಿನಲ್ಲಿ ‘ಶಾಶ್ವತ’ ಎಂದು ಬರೆಸಿದ್ದು, ಪಕ್ಕದಲ್ಲಿ ಒಂದು ಮೊತ್ತ ಹಾಕಿದ್ದು, ಆ ಮೊತ್ತವನ್ನು ಹದಿನೈದು ವರ್ಷ ಬದಲಿಸದೆ ಬಿಟ್ಟಿದ್ದು.

ಹಾಗಾದರೆ ಎಷ್ಟು ಕೊಟ್ಟರೆ ನಿಜವಾಗಿ ನಿಲ್ಲುತ್ತದೆ? ಬಡ್ಡಿ ದರದಲ್ಲಿ ಬೆಲೆ ಏರಿಕೆಯನ್ನು ಕಳೆಯಿರಿ: 6.5ರಲ್ಲಿ 5 ಹೋದರೆ ಉಳಿಯುವುದು ಶೇ 1.5. ನೀವು ಖರ್ಚು ಮಾಡಬಹುದಾದದ್ದು ಅಷ್ಟು ಮಾತ್ರ. ಇವತ್ತಿನ 1,500 ರೂಪಾಯಿಯ ಸೇವೆಗೆ ಅಸಲು ಒಂದು ಲಕ್ಷ ಬೇಕು. ತಾಳೆ ನೋಡಿ: ಒಂದು ಲಕ್ಷಕ್ಕೆ ಬಡ್ಡಿ 6,500. ಪೂಜೆಗೆ 1,500 ತೆಗೆದು ಉಳಿದ 5,000 ಅಸಲಿಗೆ ಸೇರಿಸಿದರೆ ಅಸಲು 1,05,000. ಮರುವರ್ಷ ಬಡ್ಡಿ 6,825. ಪೂಜೆಯ ಖರ್ಚು ಏರಿ 1,575 ಆಗಿರುತ್ತದೆ, ಉಳಿದ 5,250 ಮತ್ತೆ ಅಸಲಿಗೆ. ಹೀಗೆ ಎರಡೂ ಜೊತೆಯಾಗಿ ಬೆಳೆಯುತ್ತವೆ. ಬಡ್ಡಿಯನ್ನು ಪೂರ್ತಿ ಖರ್ಚು ಮಾಡಿದ ದಿನದಿಂದ ದತ್ತಿ ಸವೆಯಲು ಶುರು. ಇದೇ ಲೆಕ್ಕದಲ್ಲಿ ನಿಮ್ಮ ಹತ್ತು ಸಾವಿರ ತಡೆದುಕೊಳ್ಳುವುದು ಇವತ್ತಿನ 150 ರೂಪಾಯಿಯ ಸೇವೆಯನ್ನು: ಒಂದು ಹಣ್ಣುಕಾಯಿ, ಒಂದು ಅರ್ಚನೆ. ಅದೇನೂ ಕಡಿಮೆಯಲ್ಲ. ಆದರೆ ಅಷ್ಟೇ ಎಂದು ಮೊದಲೇ ತಿಳಿದು ಕೊಡಿ.

‘ಹಿಂದಿನವರು ಮಾಡಿದ ದಾನ ಈಗಲೂ ನಡೀತಿಲ್ವಾ’ ಎಂಬುದು ಮುಂದಿನ ವಾದ. ಹಿಂದಿನವರು ಹೇಗೆ ಕೊಟ್ಟರು ನೋಡೋಣ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಾಸನಗಳ ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಕೆತ್ತಿದ್ದಾರೆ. ಸೂರ್ಯ ಚಂದ್ರರಿರುವ ತನಕ, ಆಚಂದ್ರಾರ್ಕ, ಈ ದಾನ ನಡೆಯಲಿ ಎಂದು ಅರ್ಥ. ಶಾಸನಗಳ ಕೊನೆಗೆ ಬರುವ ಶಾಪವೂ ಗೊತ್ತಿರುವುದೇ: ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಇಷ್ಟೆಲ್ಲ ಬಂದೋಬಸ್ತು ಮಾಡಿದವರು ಮುಖ್ಯವಾಗಿ ಕೊಟ್ಟದ್ದು ಗದ್ದೆ, ತೋಟ, ನಂದಾದೀಪಕ್ಕೆ ಗಾಣದ ಎಣ್ಣೆ. ಗದ್ದೆ ಭತ್ತ ಕೊಡುತ್ತದೆ, ಭತ್ತದ ಬೆಲೆ ಏರಿದರೆ ದಾನವೂ ಏರುತ್ತದೆ. ಎಣ್ಣೆ ಇಷ್ಟು ಸೊಲಿಗೆ (ಹಳೆಯ ಅಳತೆ) ಎಂದಿದ್ದರೆ ಎಣ್ಣೆ ಎಷ್ಟೇ ತುಟ್ಟಿಯಾಗಲಿ, ದೀಪ ಉರಿಯುತ್ತದೆ. ನಗದಿನ ಗುಣ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಆ ಗದ್ದೆಗಳ ಗತಿ? ಸರ್ಕಾರ ಇನಾಮು, ಅಂದರೆ ದಾನದ ಭೂಮಿಯ ಹಕ್ಕು, ರದ್ದು ಮಾಡಿದಾಗ ಭೂಮಿ ಹೋಯಿತು, ಬದಲಿಗೆ ಸರ್ಕಾರದ ತಸ್ತೀಕು ಬಂತು. ತಸ್ತೀಕು ಎಂದರೆ ವರ್ಷಕ್ಕಿಷ್ಟು ಎಂದು ಕೊಡುವ ನಗದು, ಸರ್ಕಾರ ಮನಸ್ಸು ಮಾಡಿದಾಗ ಮಾತ್ರ ಏರುವಂಥದ್ದು. ವರ್ಷದ ಆದಾಯ 5 ಲಕ್ಷ ದಾಟದ ‘ಸಿ’ ವರ್ಗದ ಮುಜರಾಯಿ ದೇವಸ್ಥಾನದ ಅರ್ಚಕರನ್ನು ಕೇಳಿ ನೋಡಿ, ಮೇಲಿನ ಲೆಕ್ಕವನ್ನು ಅವರು ನನಗಿಂತ ಚೆನ್ನಾಗಿ ವಿವರಿಸುತ್ತಾರೆ. ರಾಜರ ದಾನವೇ ನಗದಾದ ಮೇಲೆ ಸೊರಗಿತು. ನಿಮ್ಮ ಹತ್ತು ಸಾವಿರ ನಿಲ್ಲಬೇಕೆಂದರೆ ಹೇಗೆ?

ಹೊಸನಗರ ತಾಲ್ಲೂಕಿನ ಹುಂಚದ ಪಂಚಕೂಟ ಬಸದಿಯನ್ನೂ ಇಲ್ಲಿ ನೆನೆಯಬೇಕು. 1077ರಲ್ಲಿ ರಾಣಿ ಚಟ್ಟಲದೇವಿ ಅಗಲಿದ ತನ್ನವರ ನೆನಪಿಗೆ ಕಟ್ಟಿಸಿದ್ದು. ಕಣ್ಣೆದುರಿಲ್ಲದವರಿಗೆ ಸಲ್ಲಿಸುವ ಇಂಥ ಗೌರವವನ್ನು ನಮ್ಮ ಜೈನ ಶಾಸನಗಳು ‘ಪರೋಕ್ಷ ವಿನಯ’ ಎನ್ನುತ್ತವೆ. ‘ಇನ್ ಮೆಮೊರಿ ಆಫ್’ ಎಂದು ಫಲಕ ಬರೆಸುವವರು ಈ ಎರಡು ಪದ ಬಳಸಬಾರದೇ ಎಂದು ನನಗೆ ಯಾವಾಗಲೂ ಅನಿಸುತ್ತದೆ. ಇರಲಿ. ಬಸದಿ ಇವತ್ತಿಗೂ ನಿಂತಿದೆ, ಕಲ್ಲಿನದ್ದು ಎಂಬುದೊಂದೇ ಕಾರಣಕ್ಕಲ್ಲ. ಸುತ್ತ ಮಠವಿದೆ, ಬರುವ ಭಕ್ತರಿದ್ದಾರೆ, ನೋಡಿಕೊಳ್ಳುವವರಿದ್ದಾರೆ.

ಈಗ ಮಾಡಬೇಕಾದದ್ದು. ಮೊದಲನೆಯದಾಗಿ, ದತ್ತಿ ಪತ್ರದಲ್ಲಿ ಮೊತ್ತ ಬರೆಯುವ ಬದಲು ಅಳತೆ ಬರೆಯಿರಿ. ‘ಪ್ರತಿ ವರ್ಷ 1,500 ರೂಪಾಯಿಯ ಅನ್ನದಾನ’ ಎಂದರೆ ಕೆಲವೇ ವರ್ಷದಲ್ಲಿ ಅದು ಹಾಸ್ಯಾಸ್ಪದವಾಗುತ್ತದೆ. ‘ಪ್ರತಿ ವರ್ಷ 12 ಕೆ.ಜಿ. ಅಕ್ಕಿ, ಮೂರು ಕೆ.ಜಿ. ತೊಗರಿಬೇಳೆ’ ಎಂದರೆ ನೂರು ಜನರ ಊಟದ ಅನ್ನ, ಸಾರು ಎಂದಿಗೂ ನೂರು ಜನರದ್ದೇ. ಆ ಸಾಮಾನಿನ ಆ ವರ್ಷದ ಬೆಲೆಯನ್ನು ನೀವೋ ನಿಮ್ಮ ಮಕ್ಕಳೋ ಕಳುಹಿಸಿಕೊಡಿ. ಇದಕ್ಕೆ ಎಫ್‌ಡಿಯ ಹಂಗೂ ಇಲ್ಲ. ಪ್ರತಿ ವರ್ಷ ಒಬ್ಬರು ನೆನಪಿಟ್ಟುಕೊಳ್ಳಬೇಕು, ಅದೊಂದೇ ತೊಂದರೆ. ಅಪ್ಪಯ್ಯನನ್ನು ನೆನೆಯಲೆಂದೇ ಹೊರಟವರಿಗೆ ಅದು ತೊಂದರೆ ಹೇಗಾಗುತ್ತದೋ ನನಗೆ ಅರ್ಥವಾಗಿಲ್ಲ.

ಅಸಲು ಇಟ್ಟೇ ಇಡುತ್ತೇವೆ ಎನ್ನುವವರು ಎಫ್‌ಡಿ ಸಂಸ್ಥೆಯ ಹೆಸರಿನಲ್ಲಿದೆಯೇ ನೋಡಿ. ಅಧ್ಯಕ್ಷರ ಸ್ವಂತ ಹೆಸರಿನಲ್ಲಿದ್ದರೆ ಅವರು ಕಾಲವಾದ ಮೇಲೆ ಆ ಹಣ ಅವರ ವಾರಸುದಾರರ ತಲೆನೋವು. ಸಮಿತಿಯ ನಡಾವಳಿ ಪುಸ್ತಕದಲ್ಲಿ ಠರಾವು ಆಗಲಿ, ಬಡ್ಡಿಯಲ್ಲಿ ಎಷ್ಟು ಅಸಲಿಗೆ ಮರಳಬೇಕು ಎಂಬುದು ಅದರಲ್ಲೇ ಇರಲಿ, ಅದರ ನಕಲು ನಿಮ್ಮ ಕೈಗೆ ಬರಲಿ. ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ನಿಧಿಗೆ ದಾಟಿಸುತ್ತದೆ. 2014ರಿಂದ ಈ ವ್ಯವಸ್ಥೆ ಇದೆ. ಹಣ ವಾಪಸ್ ಸಿಗುತ್ತದೆ, ಆದರೆ ಕಾಗದಪತ್ರ ಹಿಡಿದು ಓಡಾಡುವವರು ಬೇಕು. ‘ಸೊಸೈಟಿಯಲ್ಲಿ ಒಂದು ಪರ್ಸೆಂಟ್ ಜಾಸ್ತಿ ಕೊಡ್ತಾರೆ’ ಎಂಬ ಆಸೆಗೆ ಬೀಳುವ ಮುನ್ನ ಇದನ್ನು ತಿಳಿದಿರಿ: 5 ಲಕ್ಷದ ಠೇವಣಿ ವಿಮೆ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೂ ಇದೆ, ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ.

ರಸೀದಿ ವಿಷಯ. ‘ಅಪ್ಪಯ್ಯನ ಹೆಸರಲ್ಲೇ ರಸೀದಿ ಬರಲಿ, ಅವರ ಪ್ಯಾನ್ ನಂಬರೇ ಕೊಡ್ತೀವಿ’ ಎಂದು ಹಟ ಹಿಡಿಯುವವರಿದ್ದಾರೆ. ಬೇಡ. ಹಣ ಕೊಟ್ಟವರ ಹೆಸರು, ಕೊಟ್ಟವರ ಪ್ಯಾನ್, ಅದರ ಕೆಳಗೆ ‘ದಿವಂಗತ ಇಂಥವರ ಸ್ಮರಣಾರ್ಥ’. ತೆರಿಗೆ ವಿನಾಯಿತಿ ಬೇಕಿದ್ದರೆ 2,000 ರೂಪಾಯಿಗೂ ಮೇಲಿನ ನಗದು ದಾನಕ್ಕೆ ಅದು ಸಿಗುವುದಿಲ್ಲ, ಚೆಕ್ಕೋ ಆನ್‌ಲೈನೋ ಆಗಬೇಕು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ವಿನಾಯಿತಿಯೇ ಇಲ್ಲ. ಸಂಸ್ಥೆಗೆ ಆ ಮಾನ್ಯತೆ ಇದೆಯೇ ಎಂದು ಮೊದಲು ಕೇಳಿ. ಊರ ಸಣ್ಣ ದೇವಸ್ಥಾನಗಳಲ್ಲಿ ಹೆಚ್ಚಿನವಕ್ಕೆ ಇರುವುದಿಲ್ಲ.

ಶಾಲೆಗೆ ದತ್ತಿ ಬಹುಮಾನ ಇಡುವವರು ಷರತ್ತನ್ನು ಸಡಿಲ ಇಡಿ. ‘ನಮ್ಮೂರ ಶಾಲೆಯಲ್ಲಿ ಸಂಸ್ಕೃತ ತೆಗೆದುಕೊಂಡು ಎಸ್ಸೆಸ್ಸೆಲ್ಸಿಯಲ್ಲಿ ಮೊದಲು ಬಂದ ಹೆಣ್ಣುಮಗುವಿಗೆ’ ಎಂದು ಬರೆದರೆ, ಸಂಸ್ಕೃತ ಮೇಷ್ಟ್ರು ನಿವೃತ್ತರಾದ ವರ್ಷವೇ ಬಹುಮಾನ ನಿಲ್ಲುತ್ತದೆ. ಅಂಥವರು ಸಿಗದಿದ್ದರೆ ಯಾರಿಗೆ, ಇಬ್ಬರಿಗೆ ಒಂದೇ ಅಂಕ ಬಂದರೆ ಹೇಗೆ, ಶಾಲೆಯೇ ಮುಚ್ಚಿದರೆ ಹಣ ಎಲ್ಲಿಗೆ, ಈ ಮೂರು ಸಾಲು ಸೇರಿಸಿ. ಮಲೆನಾಡಿನಲ್ಲಿ ಮಕ್ಕಳಿಲ್ಲದೆ ಮುಚ್ಚುವ ಶಾಲೆಗಳು ಎಷ್ಟೆಂದು ನಿಮಗೂ ಗೊತ್ತು.

ವಕ್ಫ್ ಮಾಡುವ ಮುಸ್ಲಿಮರಲ್ಲಿ ಮೂಲ ಆಸ್ತಿಯನ್ನು ಮುಟ್ಟದೆ ಹುಟ್ಟುವಳಿಯನ್ನಷ್ಟೇ ಬಳಸಬೇಕು ಎಂಬುದು ವಕ್ಫ್‌ನ ಅರ್ಥದಲ್ಲೇ ಇದೆ. ಚರ್ಚಿನಲ್ಲಿ ಅಗಲಿದವರಿಗೆ ಪೂಜೆ ಬರೆಸುವವರು ಒಂದೊಂದು ಪೂಜೆಗೆ ಬೇರೆ ಬೇರೆಯಾಗಿ ಕಾಣಿಕೆ ಕೊಡುತ್ತಾರೆ, ನವೆಂಬರ್ 2ರಂದು ಸಕಲ ಮೃತರ ಸ್ಮರಣೆ ಇದ್ದೇ ಇದೆ. ಒಮ್ಮೆ ಕಟ್ಟಿ ಮರೆಯುವ ಬಯಕೆ ಅವರಲ್ಲೂ ಇರಬಹುದು, ಬೋರ್ಡಿನ ಮೇಲೆ ಮಾತ್ರ ಕಂಡಿಲ್ಲ.

ಇನ್ನು ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ: ಪುಸ್ತಕದಲ್ಲಿ ಯಾವ ದಿನ ಬರೆಸಬೇಕು? ಹಳೆಯ ಶಾಶ್ವತ ಪೂಜೆ ಪುಸ್ತಕ ತೆರೆದರೆ ಅರ್ಧ ಗೊಂದಲ ಇಲ್ಲೇ. ಮಳೆಗಾಲದ ತೇವಕ್ಕೆ ಶಾಯಿ ಹರಡಿ, ‘ಭಾದ್ರಪದ’ದ ಮುಂದಿನ ಅಕ್ಷರ ‘ಶು’ವೋ ‘ಬ’ವೋ ತಿಳಿಯದು, ಪಂಚಮಿ ಮಾತ್ರ ಸ್ಪಷ್ಟ. ಶುದ್ಧ ಪಂಚಮಿಗೂ ಬಹುಳ ಪಂಚಮಿಗೂ ಹದಿನೈದು ದಿನದ ಅಂತರ. ಆದ್ದರಿಂದ ‘ಶುಕ್ಲ ಪಕ್ಷ’, ‘ಕೃಷ್ಣ ಪಕ್ಷ’ ಎಂದು ಪೂರ್ತಿ ಬರೆಸಿ. ಗೋತ್ರ, ನಕ್ಷತ್ರ ಹೇಳುವ ರೂಢಿ ಇರುವವರು ಅದನ್ನೂ ಬರೆಸಿ, ತೀರಿಕೊಂಡ ತಾರೀಕು, ಗಂಟೆ ಪಕ್ಕದಲ್ಲಿರಲಿ. ಗಂಟೆ ಯಾಕೆಂದರೆ, ತಾರೀಕು ನಡುರಾತ್ರಿ ಬದಲಾಗುತ್ತದೆ, ತಿಥಿ ಹಗಲಾಗಲಿ ರಾತ್ರಿಯಾಗಲಿ ಯಾವಾಗ ಬೇಕಾದರೂ ಬದಲಾಗುತ್ತದೆ. ಪ್ರಾಣ ಹೋದ ಹೊತ್ತಿಗೆ ಇದ್ದದ್ದೇ ಮೃತ ತಿಥಿ.

ಮೊಬೈಲಿನ ಆ್ಯಪ್ ನೋಡಿ ಬರೆಸುವವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಉತ್ತರದವರಿಗೆ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮಗೆ ಅಮಾವಾಸ್ಯೆಗೆ. ಅವರ ಆಶ್ವಿನ ಕೃಷ್ಣ ಪಕ್ಷವೇ ನಮ್ಮ ಭಾದ್ರಪದ ಬಹುಳ, ಅಂದರೆ ಮಹಾಲಯ ಪಕ್ಷ. ಆ್ಯಪ್‌ನಲ್ಲಿ ‘ಆಶ್ವಿನ’ ಎಂದಿದ್ದನ್ನು ಹಾಗೇ ಬರೆಸಿದರೆ ಅಪ್ಪಯ್ಯನ ಪೂಜೆ ಒಂದು ತಿಂಗಳು ತಡವಾಗಿ, ದೀಪಾವಳಿಯ ಆಸುಪಾಸಿನಲ್ಲಿ ನಡೆಯುತ್ತದೆ. ಅಧಿಕ ಮಾಸ ಬಂದ ವರ್ಷ, 2023ರಲ್ಲಿ ಶ್ರಾವಣ, 2026ರಲ್ಲಿ ಜ್ಯೇಷ್ಠ ಬಂದ ಹಾಗೆ, ಪ್ರತಿವರ್ಷದ ಶ್ರಾದ್ಧವನ್ನು ನಿಜ ಮಾಸದಲ್ಲಿ, ಅಂದರೆ ಅಧಿಕ ಮುಗಿದ ಮೇಲೆ ಬರುವ ಅದೇ ಹೆಸರಿನ ತಿಂಗಳಲ್ಲಿ, ಮಾಡುವುದು ರೂಢಿ. ಮನೆಯ ಪುರೋಹಿತರನ್ನು ಒಂದು ಮಾತು ಕೇಳಿ. ಅಂದ ಹಾಗೆ, ದೇವಸ್ಥಾನದ ಪೂಜೆ ಶ್ರಾದ್ಧಕ್ಕೆ ಬದಲಿಯಲ್ಲ. ಶ್ರಾದ್ಧಕ್ಕೆ ಅಪರಾಹ್ಣದಲ್ಲಿ, ಅಂದರೆ ಸುಮಾರು ಒಂದೂಕಾಲರಿಂದ ಮೂರೂವರೆಯ ನಡುವೆ ಇರುವ ತಿಥಿ ನೋಡುತ್ತಾರೆ. ಹಾಗಾಗಿ ಪೂಜೆಯ ದಿನ, ಶ್ರಾದ್ಧದ ದಿನ ಕೆಲವು ವರ್ಷ ಬೇರೆಯಾಗುವುದುಂಟು. ಅದಕ್ಕೆ ಭಟ್ಟರ ಜೊತೆ ಜಗಳ ಬೇಡ.

ಕೊನೆಗೆ ವಿಳಾಸ. ಪ್ರಸಾದ ಅಂಚೆಯಲ್ಲಿ ಬರುತ್ತದೆ ಎಂದು ಬರೆಸಿರುತ್ತೀರಿ, ಎರಡು ಸಲ ಬಾಡಿಗೆ ಮನೆ ಬದಲಿಸಿರುತ್ತೀರಿ, ದೇವಸ್ಥಾನಕ್ಕೆ ತಿಳಿಸಿರುವುದಿಲ್ಲ. ಕಂದು ಬಣ್ಣದ ಲಕೋಟೆ ಊರಿಗೇ ವಾಪಸ್ ಬಂದು, ಒಳಗಿನ ಕುಂಕುಮ ಮಳೆಗೆ ಕರಗಿ, ನಿಮ್ಮ ಅಪ್ಪಯ್ಯನ ಹೆಸರಿನ ಮೇಲೇ ಕೆಂಪಗೆ ಹರಡಿರುತ್ತದೆ. ಮನೆ ಬದಲಿಸಿದಾಗ ಗ್ಯಾಸ್ ಏಜೆನ್ಸಿಗೆ, ಬ್ಯಾಂಕಿಗೆ ತಿಳಿಸುವ ದಿನವೇ ದೇವಸ್ಥಾನಕ್ಕೂ ಒಂದು ಕಾರ್ಡು ಹಾಕಿ. ಜೊತೆಗೆ ಊರಲ್ಲೇ ಇರುವ ದಾಯಾದಿಯೊಬ್ಬರ ಫೋನ್ ನಂಬರೂ ಇರಲಿ.