ಹಿರಿಯರ ಜಮೀನು ಒತ್ತೆಯಿಟ್ಟು ಶಿಲುಬೆ ತೊಟ್ಟವರು

1096ರ ಏಪ್ರಿಲ್ ತಿಂಗಳಲ್ಲಿ, ಇಂದಿನ ಫ್ರಾನ್ಸಿನ ಮೊಂಮರ್ಲ್ ಎಂಬ ಊರಿನ ಅಶಾರ್ ಎಂಬ ನೈಟ್ ತನ್ನ ಹಿರಿಯರಿಂದ ಬಂದ ಜಮೀನನ್ನು ಕ್ಲೂನಿಯ ಮಠಕ್ಕೆ ಒತ್ತೆಯಿಟ್ಟು, 2,000 ಸಾಲಿಡಸ್ ಹಣವನ್ನೂ ನಾಲ್ಕು ಹೇಸರಗತ್ತೆಗಳನ್ನೂ ಪಡೆದನು. ತಾನೊಬ್ಬನ ಹೊರತು ಬಂಧುಗಳಲ್ಲಿ ಯಾರೂ ಅದನ್ನು ಬಿಡಿಸಿಕೊಳ್ಳುವಂತಿಲ್ಲ, ತಾನು ಸತ್ತರೆ ಅಥವಾ ಪೂರ್ವದಲ್ಲೇ ನೆಲೆಸಿದರೆ ಜಮೀನು ಶಾಶ್ವತವಾಗಿ ಮಠದ್ದು ಎಂದು ಕರಾರಾಯಿತು. ಆಯುಧಸಜ್ಜಿತನಾಗಿ ಜೆರುಸಲೇಮಿಗೆ ಹೊರಟಿರುವುದಾಗಿ ಅದರಲ್ಲಿ ಬರೆಸಿದ ಅಶಾರ್ ಮರಳಲಿಲ್ಲ; 1099ರಲ್ಲಿ ಜಾಫಾದ ಬಳಿ ಹತನಾದನು.

ಜೆರುಸಲೇಮನ್ನು ಮುಸ್ಲಿಮರಿಂದ ಬಿಡಿಸಲೆಂದು ಯುರೋಪಿನ ಕ್ರೈಸ್ತರು ಬಟ್ಟೆಯ ಮೇಲೆ ಶಿಲುಬೆ ತೊಟ್ಟು ನಡೆಸಿದ ಧರ್ಮಯುದ್ಧಗಳ (ಕ್ರುಸೇಡುಗಳ) ಮಾತು ಬಂದಾಗಲೆಲ್ಲ ಪಾಲು ಸಿಗದ ಕಿರಿಯ ಮಕ್ಕಳು ಭೂಮಿಯ ಆಸೆಗೆ ಪೂರ್ವಕ್ಕೆ ಹೋದರೆಂಬ ವಿವರಣೆ ಕೇಳಿಬರುತ್ತದೆ. ಲೂಟಿಯ ಆಸೆ ಯಾರಿಗೂ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆ ಕಾಲದ ಮಠಗಳಲ್ಲಿ ಉಳಿದಿರುವ ಒತ್ತೆಪತ್ರಗಳು ಆ ವಿವರಣೆಗೆ ಒಗ್ಗುವುದಿಲ್ಲ. ನಾರ್ಮಂಡಿಯ ದೊರೆ ರಾಬರ್ಟ್ ಇಡೀ ಸೀಮೆಯನ್ನೇ ತಮ್ಮನಾದ ಇಂಗ್ಲೆಂಡಿನ ಅರಸನಿಗೆ 10,000 ಮಾರ್ಕ್‌ಗೆ ಒತ್ತೆಯಿಟ್ಟನು. ಕಳೆದುಕೊಳ್ಳಲು ಬಹಳಷ್ಟು ಇದ್ದವರೇ ಮುಂದಾಳುಗಳಾಗಿ ಹೊರಟಿದ್ದರು.

ಅವರನ್ನು ಎಳೆದದ್ದೇನು ಎಂಬುದಕ್ಕೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು. 1066ರ ಹೇಸ್ಟಿಂಗ್ಸ್ ಯುದ್ಧದಲ್ಲಿ ಗೆದ್ದ ನಾರ್ಮನ್ ಯೋಧರಿಗೆ ಬಿಷಪ್ಪರು, ಕೊಂದ ಒಬ್ಬೊಬ್ಬನಿಗೂ ಒಂದೊಂದು ವರ್ಷದ ಪ್ರಾಯಶ್ಚಿತ್ತವನ್ನು ವಿಧಿಸಿದ್ದರು. ಕತ್ತಿ ಹಿಡಿಯುವುದು ಕುಲವೃತ್ತಿ, ಆ ವೃತ್ತಿಯೇ ಪಾಪ. ಪಾರಾಗಬೇಕಾದರೆ ಎಲ್ಲವನ್ನೂ ಬಿಟ್ಟು ಮಠ ಸೇರಬೇಕು. 1095ರ ನವೆಂಬರಿನಲ್ಲಿ ಕ್ಲೆರ್ಮಾಂಟ್‌ನ ಸಭೆಯಲ್ಲಿ ಪೋಪ್ ಎರಡನೇ ಅರ್ಬನ್ ತೆರೆದದ್ದು ಬೇರೊಂದು ದಾರಿ. ಗೌರವಕ್ಕಾಗಲಿ ಹಣಕ್ಕಾಗಲಿ ಅಲ್ಲದೆ ಭಕ್ತಿಯೊಂದರಿಂದಲೇ ಜೆರುಸಲೇಮಿನ ಬಿಡುಗಡೆಗೆ ಹೊರಡುವವನಿಗೆ ಆ ಯಾತ್ರೆಯೇ ಸಕಲ ಪ್ರಾಯಶ್ಚಿತ್ತಕ್ಕೆ ಸಮ ಎಂದು ಸಭೆ ನಿರ್ಣಯಿಸಿತು. ಕತ್ತಿಯನ್ನು ಕೆಳಗಿಡದೆಯೇ ಪಾಪ ಕಳೆದುಕೊಳ್ಳಬಹುದೆಂಬ ಈ ಮಾತಿನ ಬೆಲೆಯನ್ನು ತೆತ್ತವರು ಬೇರೆಯವರು: 1096ರಲ್ಲಿ ಎಮಿಖೋ ಎಂಬ ಕೌಂಟ್‌ನ ದಂಡು ಮೈನ್ಜ್ ನಗರದ ಯಹೂದಿಗಳನ್ನು ಕೊಂದಿತು, 1099ರ ಜುಲೈ 15ರಂದು ಜೆರುಸಲೇಮ್ ಕೈವಶವಾದಾಗ ಊರಿನ ಮುಸ್ಲಿಮರೂ ಯಹೂದಿಗಳೂ ಕತ್ತಿಗೆ ಬಲಿಯಾದರು.

ಗೌರವಕ್ಕಲ್ಲ ಎಂದು ಸಭೆ ಹೇಳಿತಾದರೂ ಕುಲೀನರ ಬದುಕಿನಲ್ಲಿ ಗೌರವವನ್ನು ಪಕ್ಕಕ್ಕಿಡುವುದು ಸಾಧ್ಯವೇ ಇರಲಿಲ್ಲ. ಬ್ಲ್ವಾದ ಕೌಂಟ್ ಸ್ಟೀಫನ್ ದಂಡಯಾತ್ರೆಯ ನಡುವೆ ಹೆಂಡತಿ ಅಡೇಲಾಳಿಗೆ ಬರೆದ ಪತ್ರಗಳು ಉಳಿದಿವೆ. ಇನ್ನು ಐದು ವಾರಗಳಲ್ಲಿ ಜೆರುಸಲೇಮ್ ತಲುಪುತ್ತೇವೆ, ದಾರಿಯಲ್ಲಿನ ಆಂಟಿಯೋಕ್ ನಗರ ಅಡ್ಡವಾಗದಿದ್ದರೆ, ಎಂದು 1097ರಲ್ಲಿ ಇಂದಿನ ತುರ್ಕಿಯಲ್ಲಿರುವ ನೈಸಿಯಾದಿಂದ ಬರೆದನು. ಆಂಟಿಯೋಕ್ ಅಡ್ಡವಾಯಿತು. ತಿಂಗಳುಗಟ್ಟಲೆ ನಡೆದ ಆ ಮುತ್ತಿಗೆಯಲ್ಲಿ ಸೋತು ಸುಣ್ಣವಾದ ಸ್ಟೀಫನ್ 1098ರ ಜೂನ್ ಮೊದಲಲ್ಲಿ, ನಗರ ಕೈಸೇರುವ ಹೊತ್ತಿಗೆ, ಪಾಳೆಯ ಬಿಟ್ಟು ಊರಿಗೆ ಹೊರಟನು. ಇಂಗ್ಲೆಂಡನ್ನು ಗೆದ್ದ ವಿಲಿಯಂನ ಮಗಳಾದ ಅಡೇಲಾ ಈ ಅಪಕೀರ್ತಿಯನ್ನು ಸಹಿಸಲಿಲ್ಲ. ಮತ್ತೆ ಹೋಗಬೇಕೆಂದು ಗಂಡನನ್ನು ಎಡೆಬಿಡದೆ ಒತ್ತಾಯಿಸಿದಳೆಂದು ಚರಿತ್ರೆಕಾರ ಆರ್ಡೆರಿಕ್ ವಿಟಾಲಿಸ್ ಬರೆದಿದ್ದಾನೆ. ಸ್ಟೀಫನ್ ಮತ್ತೆ ಹೋದನು, ಜೆರುಸಲೇಮ್ ತಲುಪುವ ಹರಕೆ ತೀರಿಸಿದನು, 1102ರಲ್ಲಿ ರಾಮ್ಲಾದಲ್ಲಿ ಸತ್ತನು.

ಮುಂದಿನ ತಲೆಮಾರುಗಳಲ್ಲಿ ಈ ಹರಕೆ ಮನೆತನದ ಸೊತ್ತಾಯಿತು. 1145ರಲ್ಲಿ ಪೋಪ್ ಮೂರನೇ ಯುಜೀನಿಯಸ್ ಹೊಸ ಕರೆ ಕೊಟ್ಟಾಗ, ತಂದೆಯರು ಗೆದ್ದದ್ದನ್ನು ಮಕ್ಕಳು ಉಳಿಸಿಕೊಳ್ಳಬೇಕೆಂಬುದೇ ಅವನ ಮುಖ್ಯ ವಾದವಾಗಿತ್ತು. ಷಾಂಪೇನಿನ ಜ್ವಾನ್‌ವಿಲ್ ಮನೆತನದಲ್ಲಿ ಅಜ್ಜ ಪೂರ್ವದ ಏಕರ್ ಎಂಬ ಬಂದರು ನಗರದ ಮುತ್ತಿಗೆಯಲ್ಲಿ ತೀರಿಕೊಂಡಿದ್ದನು, ದೊಡ್ಡಪ್ಪ ಸಿರಿಯಾದ ಕ್ರಾಕ್ ಕೋಟೆಯಲ್ಲಿ ಮಣ್ಣಾಗಿದ್ದನು, ತಂದೆ ಈಜಿಪ್ಟಿನ ದಂಡಿನಲ್ಲಿದ್ದನು. ಮೊಮ್ಮಗ ಜಾನ್ 1248ರಲ್ಲಿ ಫ್ರಾನ್ಸಿನ ಅರಸ ಒಂಬತ್ತನೇ ಲೂಯಿಯ ಜೊತೆ ಹೊರಟಾಗ, ಮೊದಲು ತನ್ನ ಆಳುಗಳನ್ನೂ ಸಾಮಂತರನ್ನೂ ಕರೆದು, ತನ್ನಿಂದ ಅನ್ಯಾಯವಾಗಿದ್ದರೆ ಹೇಳಿ, ಸರಿಪಡಿಸುತ್ತೇನೆ ಎಂದನು; ಬಹುಪಾಲು ಜಮೀನನ್ನು ಒತ್ತೆಯಿಟ್ಟನು; ಕೋಟೆಯನ್ನೂ ಇಬ್ಬರು ಮಕ್ಕಳನ್ನೂ ಕಂಡು ಮನಸ್ಸು ಕರಗೀತೆಂದು ಹಿಂತಿರುಗಿ ನೋಡದೆ ನಡೆದನು. ಮರಳುವಾಗ ದೊಡ್ಡಪ್ಪನ ಗುರಾಣಿಯನ್ನು ಕ್ರಾಕ್‌ನಿಂದ ತಂದು ಊರಿನ ಚರ್ಚಿನಲ್ಲಿ ತೂಗುಹಾಕಿದನು. ಇದೇ ಜಾನ್, ಅರಸ ಮತ್ತೊಮ್ಮೆ ಕರೆದಾಗ ಒಪ್ಪಲಿಲ್ಲ. ತಾನು ಊರಲ್ಲಿಲ್ಲದ ವರ್ಷಗಳಲ್ಲಿ ಅರಸನ ಅಧಿಕಾರಿಗಳು ತನ್ನ ಜನರನ್ನು ಹಿಂಡಿ ಬಡವರನ್ನಾಗಿಸಿದರು, ಅವರನ್ನು ಕಾಯುವುದೇ ದೇವರಿಗೆ ಮೆಚ್ಚುಗೆ ಎಂದನು. ಹರಕೆಯ ಭಾರ ಒಡೆಯನಿಗಿಂತ ಹೆಚ್ಚಾಗಿ ಬಿದ್ದದ್ದು ಊರಲ್ಲಿ ಉಳಿದವರ ಮೇಲೆ ಎಂಬುದನ್ನು ಒಬ್ಬ ಕುಲೀನನೇ ಇಷ್ಟು ನೇರವಾಗಿ ಒಪ್ಪಿಕೊಂಡದ್ದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ.

1291ರಲ್ಲಿ ಪೂರ್ವದಲ್ಲಿ ಕ್ರೈಸ್ತರ ಕೊನೆಯ ದೊಡ್ಡ ನೆಲೆಯಾದ ಏಕರ್ ಮುಸ್ಲಿಮರ ವಶವಾದ ಮೇಲೂ ಹರಕೆಗಳು ನಿಲ್ಲಲಿಲ್ಲ. ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದ ಮರುವರ್ಷ, 1454ರ ಫೆಬ್ರವರಿ 17ರಂದು, ಬರ್ಗಂಡಿಯ ದೊರೆ ಫಿಲಿಪ್ ಲೀಲ್ ನಗರದಲ್ಲಿ ಔತಣವೊಂದನ್ನು ಏರ್ಪಡಿಸಿದನು. ಆನೆಯ ಆಕೃತಿಯೊಂದರ ಮೇಲೆ ಕುಳಿತು ಸಭಾಂಗಣಕ್ಕೆ ಬಂದ 'ಪವಿತ್ರ ಚರ್ಚು' ಎಂಬ ಪಾತ್ರಧಾರಿ ತನ್ನ ದುಃಖವನ್ನು ಹೇಳಿಕೊಂಡಿತು. ಬಳಿಕ ರತ್ನಾಭರಣ ತೊಡಿಸಿದ ಜೀವಂತ ಫೆಸೆಂಟ್ ಹಕ್ಕಿಯನ್ನು ತಂದರು. ದೇವರು, ಮೇರಿ, ನೆರೆದ ಸ್ತ್ರೀಯರು ಮತ್ತು ಆ ಹಕ್ಕಿಯ ಸಾಕ್ಷಿಯಾಗಿ ಫಿಲಿಪ್ ಹರಕೆ ಹೊತ್ತನು, ಅವನ ಹಿಂದೆ ಅವನ ಕುಲೀನರೂ ಹೊತ್ತರು. ಹದಿಮೂರು ವರ್ಷಗಳ ನಂತರ, 1467ರಲ್ಲಿ, ಪೂರ್ವದ ಕಡೆಗೆ ಹೆಜ್ಜೆಯಿಡದೆಯೇ ಫಿಲಿಪ್ ಬ್ರೂಜ್‌ನಲ್ಲಿ ತೀರಿಕೊಂಡನು.